ಗುಡಿಗೋಡೆಯ ಹಸಿರು ಮುಗಿಲು

ಡ್ರಾಯಿಂಗ್ ಮೇಷ್ಟರಾಗಿದ್ದರೂ ನಾನು ಆಕಾಶವನ್ನು ಸರಿಯಾಗಿ ನೋಡಿದವನಲ್ಲ. ಅದರ ಅಗತ್ಯವೂ ಕಂಡಿರಲಿಲ್ಲ. ಚನ್ನಗಿರಿಯ ಶಾಲೆಯಲ್ಲಿ ಮುಗಿಲೆಂದರೆ ನೀಲಿ ಎಂದು ಹೇಳಿಕೊಟ್ಟು ಸಂಬಳ ಪಡೆಯುತ್ತಿದ್ದೆ.

ಮೂವತ್ತರ ದಶಕದ ಮಾತು. ಸಂತೇಬೆನ್ನೂರಿನ ಗುಡಿಯೊಂದಕ್ಕೆ ಸುಣ್ಣ ಬಳಿಸುವಾಗ, ಗೋಡೆಯ ಮೇಲಿನ ಚಿತ್ರವನ್ನೂ ಸರಿಮಾಡಿ ಎಂದು ಊರ ಹಿರಿಯರು ನನ್ನನ್ನು ಕರೆಸಿದರು. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ಹಾರುತ್ತಿದ್ದ. ಅವನೇನೋ ಚೆನ್ನಾಗಿಯೇ ಇದ್ದ. ಹಿಂದಿನ ಮುಗಿಲು ಮಾತ್ರ ಕೆಂಡದಂತೆ ಕೆಂಪು, ಅಂಚಿಗೆ ಎಳೆ ಹಸಿರು. ಬರೆದವರು ಅದೇ ಊರಿನ ಚಿತ್ರಗಾರ ತಿಪ್ಪಣ್ಣ. ಪ್ರಾಯದಲ್ಲಿ ಬರೆದ ಆ ಒಂದು ಚಿತ್ರಕ್ಕಾಗಿ ಮುಪ್ಪಿನವರೆಗೂ ‘ಹಸಿರು ಮುಗಿಲಿನ ತಿಪ್ಪಣ್ಣ’ ಎಂದು ನಗೆಗೀಡಾದವರು. ಮತ್ತೆ ಯಾವ ಗುಡಿಯವರೂ ಅವರಿಗೆ ಕೆಲಸ ಕೊಟ್ಟಿರಲಿಲ್ಲ.

“ನಾ ಕಂಡಿದ್ದು ಹಂಗೇರಿ ಮೇಷ್ಟ್ರೇ. ಐವತ್ತು ವರ್ಷದ ಹಿಂದೆ, ನನ್ನ ಮದುವೆ ಆದ ವರ್ಷ, ಹೊತ್ತು ಮುಳುಗಿದ ಮ್ಯಾಲೂ ಮುಗಿಲು ಉರೀತಿತ್ತು. ಅಳಿಸಬ್ಯಾಡ್ರಿ,” ಎಂದು ಅವರು ಕೇಳಿಕೊಂಡರು.

ನಾನು ನಕ್ಕು, ಸುಣ್ಣಕ್ಕೆ ನೀಲಿ ಕಲಸಿ ಬಳಿದೇಬಿಟ್ಟೆ. ಹನುಮಂತ ಸಂಜೀವಿನಿ ತಂದದ್ದು ರಾತ್ರಿ. ಹಾಗೆ ನೋಡಿದರೆ ನೀಲಿಯೂ ತಪ್ಪೇ. ಅದು ಹಿರಿಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮರುವರ್ಷ ಹೊನ್ನಾಳಿಯಲ್ಲಿ ವಿಜ್ಞಾನದ ಮೇಷ್ಟರೊಬ್ಬರ ಮನೆಗೆ ಹೋದಾಗ ಹಳೆಯ ಪುಸ್ತಕವೊಂದು ಕೈಗೆ ಸಿಕ್ಕಿತು. ೧೮೮೩ರಲ್ಲಿ ಜಾವಾ ದ್ವೀಪದ ಬಳಿ ಜ್ವಾಲಾಮುಖಿ ಸಿಡಿದು, ಅದರ ನುಣ್ಣನೆಯ ಬೂದಿ ಮೇಲೇರಿ ಲೋಕವನ್ನೆಲ್ಲ ಸುತ್ತಿತಂತೆ. ತಿಂಗಳುಗಟ್ಟಲೆ ಸಂಜೆಗಳು ಕೆಂಪಾದವಂತೆ. ನಮ್ಮ ದಕ್ಷಿಣದ ಕಡೆ ಸೂರ್ಯನೇ ಹಸಿರಾಗಿ ಕಂಡನಂತೆ. ವಿಲಾಯಿತಿಯಲ್ಲಿ ಆ ಸಂಜೆಗಳ ಚಿತ್ರ ಬರೆದವರಿದ್ದಾರೆ, ಪಂಡಿತರು ಅವನ್ನು ಸಾಕ್ಷಿಯಾಗಿ ಜೋಪಾನ ಮಾಡಿದ್ದಾರೆ. ವರ್ಷ ಎಣಿಸಿ ನೋಡಿದೆ. ತಿಪ್ಪಣ್ಣನವರ ಮದುವೆಯ ಕಾಲವೇ. ಅಂಥದೇ ಒಂದು ಸಾಕ್ಷಿಗೆ ನಾನು ಸುಣ್ಣ ಬಳಿದಿದ್ದೆ. ನಾಚಿಕೆಯಾಯಿತು.

ಪುಸ್ತಕವನ್ನು ಎರವಲು ಪಡೆದು ಸಂತೇಬೆನ್ನೂರಿಗೆ ಹೋದೆ. ತಿಪ್ಪಣ್ಣನವರನ್ನೂ ಹಿರಿಯರನ್ನೂ ಗುಡಿಯ ಮುಂದೆ ಸೇರಿಸಿ ಓದಿ ಹೇಳಿದೆ.

“ಪುಸ್ತಕದಾಗೇ ಐತೆ ಅಂದ್ರೆ ಮುಗೀತು ಬಿಡ್ರಿ,” ಎಂದರು ಹಿರಿಯರು. ನೀಲಿ ತೆಗೆಯಲು ಒಪ್ಪಿಗೆಯೂ ಸಿಕ್ಕಿತು. ನಾನು ಬೀಗುತ್ತ ತಿಪ್ಪಣ್ಣನವರ ಕಡೆ ತಿರುಗಿದೆ.

“ಈ ಪುಸ್ತಕ ಬರೆದೋನು ನಮ್ಮೂರಿಗೆ ಬಂದಿದ್ನೇನ್ರಿ?” ಎಂದು ಅವರು ಕೇಳಿದರು.

“ಇಲ್ಲ.”

“ನಾನು ಇಲ್ಲೇ ನಿಂತು ನೋಡಿದ್ದೆ. ಐವತ್ತು ವರ್ಷ ಹೇಳಿದೆ. ಒಬ್ರೂ ನಂಬಲಿಲ್ಲ.”

ನಾನು ಪುಸ್ತಕ ಮುಚ್ಚಿ, ಚಾಕು ತೆಗೆದುಕೊಂಡು ಸುಣ್ಣ ಕೆರೆಯತೊಡಗಿದೆ. ತಿಪ್ಪಣ್ಣ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತರು.

“ಮೆಲ್ಲಕ ಕೆರೀರಿ ಮೇಷ್ಟ್ರೇ,” ಎಂದರು. “ಹಸಿರು ಭಾಳ ತೆಳ್ಳಗೆ ಬಳಿದೀನಿ.”