ಗಂಗವ್ವನ ಕಾರ್ಡು, ನನ್ನ ಬೆರಳು

ಮನೋಳಿಯಲ್ಲಿ ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಕೊಡಲು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಗೌಂಡಿಯ ಕೈಕೆಳಗೆ ಸಿಮೆಂಟು ಕಲಸುವ ಗಂಗವ್ವನ ಹೆಬ್ಬೆರಳು ಸವೆದುಹೋಗಿತ್ತು. ಬೆರಳಚ್ಚಿನ ಮಷಿನ್ ಅದನ್ನು ಹಿಡಿಯಲೇ ಇಲ್ಲ. ಎಣ್ಣೆ ಹಚ್ಚಿದ ತಲೆಗೆ ಬೆರಳು ಒರೆಸಿ ಮತ್ತೆ ಒತ್ತಿದಳು. ಹಿಡಿಯಿತು.

“ಕೆಲಸದಾಗ ಬಿದ್ರ ಪರಿಹಾರ, ಮುಪ್ಪಿನಾಗ ಪಿಂಚಣಿ, ಮಗಳ ಮದವಿಗೂ ರೊಕ್ಕ ಐತವಾ” ಎಂದು ಹೇಳುತ್ತ ಹೋದಂತೆ ನನಗೇ ಹೊಟ್ಟೆಕಿಚ್ಚು ಹತ್ತಿತು.

“ಸಾಹೇಬ್ರ, ನಿಮ್ಮ ಕಾರ್ಡು ಎಲ್ಲೈತ್ರಿ?” ಎಂದಳು.

“ನಂದು ಗುತ್ತಿಗಿ ನೌಕ್ರಿ ಅವ್ವಾ. ನನಗ ಇದ್ಯಾವುದೂ ಇಲ್ಲ.”

“ಅಯ್ಯ ಪಾಪ! ನಾಳಿಂದ ನಮ್ಮ ಜೋಡಿ ಬುಟ್ಟಿ ಹೊರಾಕ ಬರ್ರಿ.” ಆಮೇಲೆ ನನ್ನ ಕೈ ನೋಡಿ, “ಬ್ಯಾಡ ಬಿಡ್ರಿ, ಗೌಂಡಿ ಒಪ್ಪಂಗಿಲ್ಲ” ಎಂದಳು.

ಈ ಮೆತ್ತನೆಯ ಬೆರಳನ್ನು ಒಂದೇ ಸಲಕ್ಕೆ ಒಪ್ಪುವುದು ನಮ್ಮ ಆಫೀಸಿನ ಹಾಜರಿ ಮಷಿನ್ ಒಂದೇ.