ನನ್ನ ಸಿನಿಮಾದ ನಾಯಕಿಗೆ ಮಂಡಿನೋವು

ನೃತ್ಯ ಸಂಯೋಜಕನೊಬ್ಬ ತನ್ನ ಬದುಕನ್ನೇ ಅರ್ಧ ನಿಜ, ಅರ್ಧ ಕಟ್ಟುಕತೆ ಬೆರೆಸಿ ಹಾಡು ಕುಣಿತಗಳಲ್ಲಿ ಹೇಳಿಕೊಂಡ ವಿದೇಶಿ ಸಿನಿಮಾವೊಂದನ್ನು ಕಳೆದ ಭಾನುವಾರ ಮಧ್ಯಾಹ್ನ ನೋಡಿದೆ. ಆಗಿನಿಂದ ನನಗೆ ಹೊಟ್ಟೆಕಿಚ್ಚು. ಅವನ ಪ್ರತಿಭೆ ಇರಲಿ, ಅವನು ಮಾಡಿದ ತಪ್ಪುಗಳಿಗೂ ಹಿನ್ನೆಲೆ ಸಂಗೀತವಿತ್ತಲ್ಲ! ನಾನು ಹುಳಿಗೆ ಎರಡು ಸಲ ಉಪ್ಪು ಹಾಕಿದರೆ ಯಾರು ಪಿಟೀಲು ನುಡಿಸುತ್ತಾರೆ?

ಡಿವಿಡಿ ತಂದವಳು ಮಗಳು ಅನಘಾ. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು, ಈಗ ನೋಯ್ಡಾದಲ್ಲಿ ಕೆಲಸ. ಸಿನಿಮಾ ಮುಗಿದಾಗ ಕಣ್ಣೊರೆಸಿಕೊಂಡು, "ಅಮ್ಮಾ, ನೀನೂ ತೋ ಕೋರಿಯೋಗ್ರಾಫರ್ರೇ! ನಿನ್ನ ಲೈಫ್ ಮೇಲೂ ಒಂದು ಫಿಲ್ಮ್ ಮಾಡ್ಬೇಕು" ಎಂದಳು.

ಮಾತು ಸುಳ್ಳಲ್ಲ. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಶನಿವಾರ ಸೋಫಾವನ್ನು ಬಾಲ್ಕನಿಗೆ ತಳ್ಳಿದರೆ ಅದೇ ರಂಗಮಂದಿರ. ಸುಮಾರು ಇಪ್ಪತ್ತು ವರ್ಷಗಳಿಂದ ರಾಜ್ಯೋತ್ಸವಕ್ಕೆಂದು ಕನ್ನಡ ಸಂಘದ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದೇನೆ. ವಾರದ ಉಳಿದ ದಿನಗಳಲ್ಲಿ ಕಚೇರಿಯ ಫೈಲುಗಳೇ ಗತಿ. ನನ್ನ ಸಿನಿಮಾದ ನಾಯಕಿಯ ಮಂಡಿಗೆ ಪಟ್ಟಿ ಬೇಕು. ಖಳನಾಯಕಿ ಕೆಳಗಿನ ಮನೆಯ ಆಂಟಿ; ನಾವು 'ತೈ ತೈ' ಎಂದಾಗಲೆಲ್ಲ ಕೋಲಿನಿಂದ ಸೂರು ಕುಟ್ಟುತ್ತಾರೆ, ಅದೂ ತಾಳ ತಪ್ಪಿಸಿ.

ಹಿಂದಿನ ಕಾಲದ ನಟ್ಟುವನಾರರ ಬಗ್ಗೆ ನನಗೆ ಬಹಳ ಮಮತೆ. ವೇದಿಕೆಯ ಪಕ್ಕದಲ್ಲಿ ತಾಳ ಹಿಡಿದು ಕೂರುತ್ತಿದ್ದ ಗುರುಗಳು ಅವರು. ನೃತ್ಯ ಕಟ್ಟಿದವರು ಅವರೇ ಆದರೂ ನೋಡುವವರ ಕಣ್ಣೆಲ್ಲ ಕುಣಿಯುವವಳ ಮೇಲೆ. ಅವರಿಗಾದರೂ ಶಿಷ್ಯೆ ನೆಟ್ಟಗೆ ಕುಣಿದಳೆಂಬ ಸಮಾಧಾನವಿತ್ತು.

ನನಗೆ ಅದೂ ಇಲ್ಲ. ದಿಲ್ಲಿಯ ಮಕ್ಕಳಿಗೆ ಹಾಡಿನ ಕನ್ನಡ ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಪದವನ್ನೂ ಕೈಯಲ್ಲಿ ಮಾಡಿಸಿ, ಬಾಯಲ್ಲಿ ಹೇಳಿಸಿ ಕಲಿಸುತ್ತೇನೆ. ಕಳೆದ ವರ್ಷ ಮಗುವನ್ನು ಕಳೆದುಕೊಂಡ ತಾಯಿ ಗೋಳಾಡುವ ಸಾಲಿಗೆ ಎಂಟೂ ಹುಡುಗಿಯರು ಹಲ್ಲು ಕಿರಿದು ನಿಂತರು. ವೇದಿಕೆಯ ಮೇಲೆ ಸದಾ ನಗುತ್ತಿರಬೇಕೆಂದು ಹೇಳಿಕೊಟ್ಟವಳು ನಾನೇ! ಸಭೆ ಗೊಳ್ಳೆಂದಿತು. ನನಗೆ ಅಳು ಬಂತು. ಇಷ್ಟು ವರ್ಷ ಮಕ್ಕಳ ಕೈಕಾಲು ಆಡಿಸಿದೆನೇ ಹೊರತು ಅವರೊಳಗೆ ಏನೂ ಇಳಿಯಲಿಲ್ಲ ಎನ್ನಿಸಿಬಿಟ್ಟಿತು. ಈ ಸಲ ನನ್ನಿಂದಾಗದು ಎಂದು ಸಂಘಕ್ಕೆ ಪತ್ರ ಬರೆದು, ಕೊಡಲು ಮನಸ್ಸು ಬಾರದೆ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ.

ಅದೇ ಭಾನುವಾರ ಸಂಜೆ ಅನಘಾ ಮೈಸೂರಿನ ಅಜ್ಜಿಗೆ ಫೋನ್ ಮಾಡಿದಳು. ನನ್ನ ಅಮ್ಮನಿಗೆ ಹಿಂದಿಯ ಗಂಧವಿಲ್ಲ.

"ಅಜ್ಜೀ, ನಂಗೆ ನಿಮ್ಮ ಬಹುತ್ ಯಾದ್... ಅಂದ್ರೆ, ನಿಮ್ಮದು... ಒಂದ್ನಿಮಿಷ ಇರಿ..."

ಪದ ಸಿಗದೆ ಹುಡುಗಿ ಒದ್ದಾಡಿದಳು. ನಾನು ಅಡುಗೆಮನೆಯಿಂದ ಹೇಳಿಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬಲಗೈ ತಾನಾಗಿ ಮೇಲೆದ್ದಿತು. ಎದೆಯ ಬಳಿ ಒಂದು ಕ್ಷಣ ನಿಂತು, ನಿಧಾನವಾಗಿ ದೂರಕ್ಕೆ ಚಾಚಿತು. ಕಣ್ಣೂ ಅದರ ಹಿಂದೆಯೇ ಹೋಯಿತು. ಅವಳು ಎಂಟು ವರ್ಷದವಳಿದ್ದಾಗ ಹಾಡಿನ ಪದವೊಂದಕ್ಕೆ ಇದೇ ಮನೆಯಲ್ಲಿ ನಾನು ಕಲಿಸಿದ್ದ ಅಭಿನಯ ಅದು. ಕೈ ಪೂರ್ತಿ ಚಾಚಿದ ಮೇಲೆ ಪದ ಬಂತು.

"ನೆನಪು! ನಿಮ್ಮ ನೆನಪು ತುಂಬಾ ಬರ್ತಿದೆ ಅಜ್ಜಿ."

ಆ ಕೈ ಅಮ್ಮನಿಗೆ ಕಾಣಲಿಲ್ಲ, ಮಗಳಿಗೆ ಅದರ ಗಮನವೇ ಇರಲಿಲ್ಲ. ನಾನೊಬ್ಬಳೇ ನೋಡಿದ್ದು. ಸಾರು ಉಕ್ಕಿ ಒಲೆಯೆಲ್ಲ ಗಲೀಜಾದರೂ ನನಗೆ ಅಲ್ಲಾಡಲು ಮನಸ್ಸಾಗಲಿಲ್ಲ.

ಸೋಮವಾರ ಸಂಘದ ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಹೇಳಿದೆ: "ಈ ಸಲ ಕನ್ನಡ ಬರದೇ ಇರೋ ಮಕ್ಕಳನ್ನೇ ಮೊದ್ಲು ಕಳ್ಸಿ."