ಕೈಗೆ ಹತ್ತಿದ ಭಂಡಾರ

ನಾನು ಯಮಕನಮರಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿಟಿ ಮೇಡಮ್. ಕಟ್ಟುನಿಟ್ಟಿನ ಹೆಂಗಸೆಂದು ಹೆಸರಿದೆ. ನಾನು ಸೀಟಿ ಊದಿದರೆ ಮೈದಾನದ ಆಚೆ ಮೇಯುವ ಎಮ್ಮೆಗಳೂ ಸಾಲಾಗಿ ನಿಲ್ಲುತ್ತವೆ ಎಂದು ನಮ್ಮ ಗಣಿತದ ಮಾಸ್ತರರು ಚೇಷ್ಟೆ ಮಾಡುತ್ತಾರೆ. ಪ್ರತಿ ವರ್ಷ ಕಬಡ್ಡಿ ತಂಡಕ್ಕೆ ಹೊಸ ಹುಡುಗಿಯರು ಬಂದಾಗ ಅವರಿಗೆ ಮೊದಲು ಹೇಳುವ ಮಾತೊಂದಿದೆ. "ಮೈಗೆ ಎದುರಾಳಿ ಕೈ ಹತ್ತಿತಂದ್ರ ಅಂಪೈರ್ ಹೇಳೂತನಕ ಕಾಯಬ್ಯಾಡ್ರಿ. ನೀವ ಕೈ ಎತ್ತಿ ಹೊರಗ ಹೋಗ್ರಿ. ಖರೆ ಆಟಗಾರ್ತಿ ಅಂದ್ರ ಆಕಿ."

ಈ ಮಾತು ಹೇಳುವ ಯೋಗ್ಯತೆ ನನಗಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲ. ಆದರೂ ಹೇಳುತ್ತೇನೆ, ಮಕ್ಕಳು ನಂಬುತ್ತವೆ, ಪಗಾರ ಬರುತ್ತದೆ.

ನನ್ನ ತವರೂರು ಗೋಕಾಕಕ್ಕೂ ಧುಪದಾಳಕ್ಕೂ ನಡುವೆ. ನನಗೆ ಹತ್ತೊಂಬತ್ತು ತುಂಬಿದ್ದಾಗ ಊರಲ್ಲಿ ಹುಡುಗಿಯರದೊಂದು ಕಬಡ್ಡಿ ತಂಡವಿತ್ತು. ಕಲಿಸುತ್ತಿದ್ದವರು ಪಟ್ಟಣದಲ್ಲಿ ನೌಕರಿಯಿದ್ದ ಊರಿನವರೇ ಒಬ್ಬರು. ಎಲ್ಲರಿಗೂ ಅವರು 'ಸರ್'. ತಂಡದ ಜೀವ ಮಾತ್ರ ನನ್ನ ಗೆಳತಿ. ಎದುರು ಪಾಳೆಯಕ್ಕೆ ನುಗ್ಗಿದಳೆಂದರೆ ಒಬ್ಬಳನ್ನಾದರೂ ಮುಟ್ಟದೆ ಬರುತ್ತಿರಲಿಲ್ಲ. ಹಿಡಿಯುವಾಗ ಅಂಕಣದ ಎಡಮೂಲೆಯಲ್ಲಿ ನಾನು, ನನ್ನ ಪಕ್ಕದಲ್ಲಿ ಅವಳು. ಕಬಡ್ಡಿಯಲ್ಲಿ ಪಕ್ಕದವಳ ಕೈ ಹಿಡಿದು ಸರಪಳಿಯ ಹಾಗೆ ನಿಲ್ಲಬೇಕು. ಎರಡು ವರ್ಷ ಆ ಕೈಯನ್ನು ಎಷ್ಟು ಹಿಡಿದಿದ್ದೆನೆಂದರೆ ಅದರ ಜಡ್ಡುಗಟ್ಟಿದ ಜಾಗಗಳೂ ನನಗೆ ಗೊತ್ತಿದ್ದವು. ಅವಳ ತಾಯಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: ಈ ಸಲ ಜಿಲ್ಲಾ ತಂಡಕ್ಕೆ ಹೆಸರು ಬಂದರೆ ಆಡು, ಇಲ್ಲವಾದರೆ ಗಂಡು ನೋಡುತ್ತೇವೆ.

ಆ ವರ್ಷದ ಪಂದ್ಯಗಳು ಹುಕ್ಕೇರಿಯಲ್ಲಿದ್ದವು. ಸರ್ ದೇವರಲ್ಲಿ ಬಹಳ ನಂಬಿಕೆಯ ಮನುಷ್ಯ. ತಂಡದವರೆಲ್ಲ ಊರ ದ್ಯಾಮವ್ವನ ಹೆಸರಲ್ಲಿ ಐದು ಮಂಗಳವಾರ ವಾರ ಹಿಡಿಯಬೇಕೆಂದರು. ಹಿಡಿದೆವು. ಒಪ್ಪತ್ತು ಊಟ, ಬರಿಗಾಲಲ್ಲಿ ಗುಡಿಗೆ ಹೋಗಿ ಬರುವುದು. ಪಂದ್ಯದ ದಿನ ದೇವಿಯ ಭಂಡಾರ, ಅಂದರೆ ಗುಡಿಯ ಅರಿಶಿನ ಪುಡಿಯನ್ನು, ಸರ್ ಸಣ್ಣ ಚೀಲದಲ್ಲಿ ತರುವುದು, ಅದನ್ನು ಹಣೆಗೂ ಅಂಗೈಗೂ ಹಚ್ಚಿಕೊಂಡು ಅಂಕಣಕ್ಕೆ ಇಳಿಯುವುದು. ಒಂದೇ ಕಟ್ಟಳೆ. ಟೆಂಪೋ ಹತ್ತುವಾಗ ಸರ್ ನೆಲ ನೋಡುತ್ತ ಹೇಳಿದರು, "ಯಾರಿಗರ ಅಡಚಣಿ ಆಗಿದ್ರ ಮೊದಲ ಹೇಳ್ರಿವಾ. ಅವರ ಬದಲಿ ಬ್ಯಾರೇದಾಕಿ ಆಡ್ತಾಳ." ಅಡಚಣಿ ಎಂದರೆ ಮುಟ್ಟು. ನಮ್ಮ ಕಡೆ ಗಂಡಸರು ಅದನ್ನು ಅಷ್ಟರ ಮೇಲೆ ಬಿಡಿಸಿ ಹೇಳುವುದಿಲ್ಲ.

ನನಗೆ ಗೊತ್ತಾದದ್ದು ಹುಕ್ಕೇರಿ ಮುಟ್ಟಿದ ಮೇಲೆ. ಇನ್ನೂ ನಾಲ್ಕು ದಿನವಿದೆ ಎಂದುಕೊಂಡಿದ್ದೆ. ಮೈದಾನದ ಹಿಂದಿನ ಗೋಡೆಯ ಮರೆಗೆ ಹೋಗಿ ಗೆಳತಿಯನ್ನು ಕರೆದೆ. ಅವಳು ತನ್ನ ಚೀಲದಿಂದ ಪೇಪರಿನಲ್ಲಿ ಸುತ್ತಿದ ಪ್ಯಾಡು ತೆಗೆದು ನನಗೆ ಕೊಟ್ಟಳು. ಮುಂದಾಲೋಚನೆಯ ಹುಡುಗಿ, ಸದಾ ಒಂದು ಇಟ್ಟುಕೊಂಡಿರುತ್ತಿದ್ದಳು. ಕೊಟ್ಟು ಹೇಳಿದಳು, "ಸರ್‌ಗೆ ಹೇಳು."

"ಹೇಳಿದ್ರ ಹೊರಗ ಕುಂದರಸ್ತಾರ."

"ಹಂಗಾರ ಭಂಡಾರಕ್ಕ ಕೈ ಒಡ್ಡಬ್ಯಾಡ. ದೂರಿಂದ ಕೈ ಮುಗದು ಆಡು. ದ್ಯಾಮವ್ವನೂ ಹೆಂಗಸ ಅದಾಳ, ತಿಳಕೋತಾಳ."

ಎಷ್ಟು ಸರಳವಾಗಿತ್ತು. ಅವಳಿಗೆ ದೇವಿಯ ಮೇಲೆ ನಂಬಿಕೆಯಿತ್ತು, ಹಾಗಾಗಿ ಹೆದರಿಕೆಯಿರಲಿಲ್ಲ. ನನಗಿದ್ದದ್ದು ಹೆದರಿಕೆಯೊಂದೇ, ಅದನ್ನೇ ನಾನು ಭಕ್ತಿ ಎಂದುಕೊಂಡಿದ್ದೆ. ಸರ್ ಚೀಲ ಬಿಚ್ಚಿ ಸಾಲಿನುದ್ದ ಬಂದರು. ನಾನು ಹಿಂದೆ ಸರಿದರೆ ಎಲ್ಲರಿಗೂ ತಿಳಿಯುತ್ತದೆ. ಎರಡೂ ಕೈ ಒಡ್ಡಿದೆ. ಪಕ್ಕದಲ್ಲಿದ್ದ ಅವಳು ನನ್ನ ಕೈಯನ್ನೊಮ್ಮೆ ನೋಡಿ ತನ್ನವನ್ನೂ ಒಡ್ಡಿದಳು.

ಫೈನಲ್ಲಿನ ಕೊನೆಯ ರೇಡು. ನಾವು ಒಂದು ಪಾಯಿಂಟು ಮುಂದೆ. ಎದುರಾಳಿ ಹುಡುಗಿ ನನ್ನ ಮೂಲೆಗೇ ಬಂದಳು. ಎಂದಿನ ದಿನವಾಗಿದ್ದರೆ ಇಂಥ ಹೊತ್ತಿಗೆ ಅಂಗೈ ಒರೆಸಿ ಮಣ್ಣು ತಿಕ್ಕಿಕೊಂಡಿರುತ್ತಿದ್ದೆ. ಒಣಮಣ್ಣಿಲ್ಲದೆ ಬೆವರುಗೈಗೆ ಕಾಲು ಸಿಗುವುದಿಲ್ಲ. ಅವತ್ತು ಒರೆಸಲಿಲ್ಲ. ಮುಟ್ಟಬಾರದ ಹೊತ್ತಲ್ಲಿ ಭಂಡಾರ ಮುಟ್ಟಿದ್ದೇ ಪಾಪ, ಇನ್ನು ಅದನ್ನು ಚಡ್ಡಿಗೆ ಒರೆಸಿದರೆ ದೇವಿ ಸುಟ್ಟೇಬಿಡುತ್ತಾಳೆ ಅಂದುಕೊಂಡೆ. ಅರಿಶಿನ ಬೆವರಲ್ಲಿ ಕಲಸಿ ಕೈಯೆಲ್ಲ ಜಿಬುಜಿಬು ಆಗಿತ್ತು. ಎದುರಾಳಿಯ ಹಿಮ್ಮಡಿಯ ಮೇಲ್ಭಾಗ ನನ್ನ ಎರಡೂ ಕೈಯಲ್ಲಿ ಸರಿಯಾಗಿ ಸಿಕ್ಕಿತು. ಗೆಳತಿ ನೆರವಿಗೆ ಬಂದು ಸೊಂಟ ತಬ್ಬಿದಳು. ಅಷ್ಟರಲ್ಲಿ ಕಾಲು ನನ್ನ ಕೈಯಿಂದ ಜಾರಿತು. ಆ ಹುಡುಗಿ ಗೆಳತಿಯನ್ನು ಎಳೆದುಕೊಂಡೇ ನಡುಗೆರೆ ಮುಟ್ಟಿದಳು. ಅವಳನ್ನು ಮುಟ್ಟಿದವರು ನಾವಿಬ್ಬರು, ಅವರಿಗೆ ಎರಡು ಪಾಯಿಂಟು. ಸೋತೆವು.

ಇದರಲ್ಲಿ ದೇವಿಯದೇನೂ ಇರಲಿಲ್ಲ. ಒದ್ದೆ ಕೈಯಿಂದ ಚೊಂಬೂ ಜಾರುತ್ತದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಾದರೂ ಅಂದಿದ್ದರೆ ಚೆನ್ನಾಗಿತ್ತು.

ಸಂಜೆ ಅದೇ ಟೆಂಪೋದಲ್ಲಿ ತಿರುಗಿ ಊರಿಗೆ ಹೊರಟೆವು. ಸರ್ ಮುಂದೆ ಡ್ರೈವರ್ ಪಕ್ಕ ಕೂತಿದ್ದರು. ಹುಕ್ಕೇರಿ ದಾಟಿದ ಮೇಲೆ ಹಿಂದಿನಿಂದ ಒಬ್ಬಳು ಅಂದಳು, "ಐದು ವಾರ ಹಿಡದೇವಿ. ಹೆಂಗ ಸೋಲ್ತೇವಿ? ಯಾರೋ ಮೈಲಿಗಿ ಮಾಡ್ಯಾರ." ಇನ್ನೊಬ್ಬಳು ಗೆಳತಿಯ ಕಡೆ ಕಣ್ಣು ತಿರುಗಿಸಿದಳು. "ಮುಂಜಾನೆ ಗ್ವಾಡಿ ಹಿಂದ ಯಾರ ಚೀಲದಿಂದ ಪ್ಯಾಡ್ ತಗದ್ರು ಅಂತ ನಾ ನೋಡೇನಿ." ಅವಳು ತೆಗೆದುಕೊಟ್ಟವಳನ್ನು ಕಂಡಿದ್ದಳು, ಇಸಿದುಕೊಂಡವಳನ್ನು ಕಂಡಿರಲಿಲ್ಲ. ಎಲ್ಲರೂ ಗೆಳತಿಯನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು, ಏಕೆಂದರೆ ನಾವಿಬ್ಬರೂ ಸದಾ ಜೋಡಿ. "ನೀ ಸಂಗಾಟ ಇದ್ದಿ. ಖರೆ ಹೇಳು, ಆಕೀದೇನ?" ಎಂದು ಒಬ್ಬಳು ಕೇಳಿದಳು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಅಷ್ಟು ಮುಗ್ಧತೆಯೂ ಇರಲಿಲ್ಲ. ಮುಂದೆ ಕೂತ ಸರ್‌ಗೂ ಕೇಳುವಷ್ಟು ಜೋರಾಗಿ ಹೇಳಿದೆ, "ಹೌದು, ಆಕೀದ. ಭಂಡಾರ ಮುಟ್ಟಬ್ಯಾಡ ಅಂದೆ ನಾ. ಕೇಳಲಿಲ್ಲ."

ಮೊದಲ ಮಾತನ್ನು ಹೆದರಿಕೆಯ ಲೆಕ್ಕಕ್ಕೆ ಹಾಕಬಹುದು. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಅವಳು ನನಗೆ ಹೇಳಿದ ಬುದ್ಧಿಮಾತನ್ನೇ ಕದ್ದು ನನ್ನದಾಗಿ ಮಾಡಿಕೊಂಡು ಅವಳ ಮೇಲೆ ಎಸೆದಿದ್ದೆ.

ಅವಳು ಒಂದು ಮಾತೂ ಆಡಲಿಲ್ಲ. ಘಟಪ್ರಭಾ ಬರುವವರೆಗೂ ನನ್ನ ಎದುರಿನ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಹೊರಗಿನ ಕಬ್ಬಿನ ಗದ್ದೆ ನೋಡುತ್ತಿದ್ದೆ.

ಮರುದಿನ ಅಭ್ಯಾಸಕ್ಕೆ ಬಂದಳು. ಸರಪಳಿ ಕಟ್ಟುವಾಗ ಬಲಗಡೆಯ ಹುಡುಗಿ ಅವಳ ಕೈ ಹಿಡಿಯಲಿಲ್ಲ. ಅವಳು ಸೊಂಟಕ್ಕೆ ಕಟ್ಟಿದ್ದ ದುಪಟ್ಟಾದ ಅಂಚು ಹಿಡಿದಳು. ಎರಡನೆಯ ದಿನವೂ ಬಂದಳು. ಮೂರನೆಯ ದಿನ ನಾನೇ ಸರ್ ಹತ್ತಿರ ಹೋಗಿ, ನನ್ನನ್ನು ಬಲಮೂಲೆಗೆ ಹಾಕಿರೆಂದು ಕೇಳಿಕೊಂಡೆ. ಅವಳ ಪಕ್ಕ ನಿಲ್ಲುವ ಧೈರ್ಯವಿರಲಿಲ್ಲ. ನೋಡುವವರಿಗೆ ಮಾತ್ರ ನಾನೂ ಮೈಲಿಗೆಗೆ ಹೇಸಿಕೊಂಡಂತೆ ಕಂಡಿತು. ಸರ್ ಅವಳನ್ನು ಬರಬೇಡ ಅನ್ನಲೂ ಇಲ್ಲ, ಹುಡುಗಿಯರನ್ನು ಗದರಿಸಲೂ ಇಲ್ಲ. ನಾಲ್ಕನೆಯ ದಿನ ಅವಳು ಬರಲಿಲ್ಲ.

ಹದಿನೈದು ದಿನಕ್ಕೆ ಜಿಲ್ಲೆಯಿಂದ ಕಾಗದ ಬಂತು. ಸೋತ ತಂಡವಾದರೂ ಒಬ್ಬ ಆಟಗಾರ್ತಿಯನ್ನು ಆಯ್ಕೆಗೆ ಕರೆದಿದ್ದರು. ಹೆಸರು ಅವಳದು. ಅವಳು ಆಟ ಬಿಟ್ಟಿದ್ದಾಳೆ ಎಂದು ಸರ್ ನನ್ನನ್ನು ಕಳಿಸಿದರು. ನಾನು ಹೋದೆ. ಆಯ್ಕೆಯಾದೆ. ಮುಂದೆ ಸರ್ಟಿಫಿಕೇಟುಗಳು, ಸ್ಪೋರ್ಟ್ಸ್ ಕೋಟಾದ ಸೀಟು, ಈ ನೌಕರಿ. ಅವಳನ್ನು ಆ ಬೇಸಿಗೆಯಲ್ಲೇ ಮೂಡಲಗಿಗೆ ಕೊಟ್ಟರು. ಮದುವೆಗೆ ನಾನು ಹೋಗಲಿಲ್ಲ, ಶಿಬಿರವಿತ್ತು. ನೆಪವೊಂದು ಇತ್ತಲ್ಲ ಎಂದು ನೆಮ್ಮದಿಯಾಗಿತ್ತು.

ನಾನು ಸುಮ್ಮನೆ ಕೂತಿದ್ದೆನೆಂದು ತಿಳಿಯಬೇಡಿ. ದ್ಯಾಮವ್ವನಿಗೆ ತಪ್ಪುಗಾಣಿಕೆ ಹಾಕಿದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಹಸಿರು ರವಿಕೆ ಕಣ, ಐದು ಬಗೆ ಹಣ್ಣು ಇಟ್ಟು ಉಡಿ ತುಂಬುತ್ತೇನೆ. ಅಡ್ಡಬಿದ್ದು, ಯವ್ವಾ ತಪ್ಪಾತು ಎಂದು ಅಳುತ್ತೇನೆ ಕೂಡ. ದೇವಿ ತಿರುಗಿ ಮಾತಾಡುವುದಿಲ್ಲ, ಅದೇ ನನಗೆ ಬೇಕಾಗಿತ್ತು. ಗೋಕಾಕದಿಂದ ಮೂಡಲಗಿಗೆ ಎಷ್ಟು ದೂರ? ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆ ಬಸ್ಸು ಹತ್ತಿರಲಿಲ್ಲ.

ಹತ್ತಿಸಿದವರು ಈ ವರ್ಷದ ನನ್ನ ಹುಡುಗಿಯರು. ಹುಕ್ಕೇರಿಯಲ್ಲಿ, ಅದೇ ಮೈದಾನದಲ್ಲಿ, ಸೆಮಿಫೈನಲ್‌ನಲ್ಲಿ ಸೋತರು. ನೀರು ಕುಡಿಸೋಣವೆಂದು ಹೋದರೆ ಐದಾರು ಜನ ಒಂದು ಕಡೆ, ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಮೊಣಕಾಲಿಗೆ ಮುಖ ಕೊಟ್ಟು ಇನ್ನೊಂದು ಕಡೆ. "ಮೇಡಮ್‌ರೀ, ಆಕಿ ಅಡಚಣಿ ಇಟಕೊಂಡು ಭಂಡಾರ ಹಚ್ಚಕೊಂಡಾಳ್ರಿ. ಅದಕ್ಕ ಸೋತೀವಿ" ಅಂದರು. ಭಂಡಾರ ಯಾರು ತಂದಿದ್ದರೋ, ನಾನಂತೂ ತಂದಿರಲಿಲ್ಲ.

ಚೆನ್ನಾಗಿ ಬೈದೆ. ಮುಟ್ಟೆಂದರೆ ಏನು, ಮೈ ಹೇಗೆ ಕೆಲಸ ಮಾಡುತ್ತದೆ, ಸೋತದ್ದು ಯಾರ ಯಾರ ಕಾಲು ತಪ್ಪಿದ್ದರಿಂದ, ಎಲ್ಲ ಹೇಳಿದೆ. ಹುಡುಗಿಯರು ತಲೆ ತಗ್ಗಿಸಿದರು. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಆ ಅಳುತ್ತಿದ್ದ ಹುಡುಗಿ ನನ್ನ ಪಕ್ಕಕ್ಕೆ ಬಂದು ಸಣ್ಣಗೆ ಕೇಳಿದಳು, "ಮೇಡಮ್‌ರೀ, ನಿಮಗೂ ಯಾರರ ಹಿಂಗ ಅಂದಿದ್ರೇನ್ರಿ?"

"ಇಲ್ಲ" ಅಂದೆ. ಅದು ನಿಜವೇ. ಅವಳು ನನ್ನನ್ನು ದೊಡ್ಡವಳೆಂದು ನಂಬಿ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದಳು. ಆ ಕೈ ಬಿಡಿಸಿಕೊಳ್ಳಬೇಕೆನಿಸಿತು.

ಆ ಭಾನುವಾರ ಹೊರಟೆ. ಅರಭಾವಿಯಲ್ಲಿ ಬಸ್ಸು ನಿಂತಾಗ ಇಳಿದು ತಿರುಗಿ ಹೋಗೋಣವೆಂದು ಚೀಲವನ್ನೂ ಎತ್ತಿಕೊಂಡಿದ್ದೆ. ಕಾಲೇಜಿನ ಹುಡುಗರು ಬಾಗಿಲಲ್ಲಿ ಕಿಕ್ಕಿರಿದು ಹತ್ತಿದರು, ಇಳಿಯಲು ಆಗಲಿಲ್ಲ. ನನ್ನ ಧೈರ್ಯದ ಕಥೆ ಇಷ್ಟೇ.

ಮೂಡಲಗಿಯಲ್ಲಿ ಅವಳದು ಹಿಟ್ಟಿನ ಗಿರಣಿ. ಕೇಳಿಕೊಂಡು ಹೋದೆ. ಗಿರಣಿ ಗಡಗಡ ನಡೆಯುತ್ತಿತ್ತು. ಮೂವರು ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಕಾಯುತ್ತ ಕೂತಿದ್ದರು. ಅವಳು ಮೈ ತುಂಬಿಕೊಂಡಿದ್ದಳು, ಹುಬ್ಬಿನ ಮೇಲೂ ಹಿಟ್ಟು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ಬಾ. ಆ ಬಾಜೂ ಕುಂದರು, ಸೀರಿಗೆ ಹಿಟ್ಟ ಹತ್ತೀತು" ಅಂದಳು, ನಿನ್ನೆ ಬಿಟ್ಟುಹೋದವಳಿಗೆ ಹೇಳುವ ಹಾಗೆ.

ನಾನು ಕೂರಲಿಲ್ಲ. ಹತ್ತಿರ ಹೋಗಿ, ಗಿರಣಿಯ ಸದ್ದಿನಲ್ಲಿ ಅವಳೊಬ್ಬಳಿಗೇ ಕೇಳಲಿ ಎಂದು, ಕಿವಿಯ ಬಳಿ ಹೇಳಿದೆ. ಹೇಳಿ ಮುಗಿಸಿದ್ದೂ ಆಯಿತು. ಅವಳು ನನ್ನ ಮುಖ ನೋಡಿದಳು, ಕೈ ಚಾಚಿ ಸ್ವಿಚ್ ತೆಗೆದಳು. ಬೆಲ್ಟು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

"ಈಗ ಹೇಳು."

ಹೆಂಗಸರು ನಮ್ಮ ಕಡೆ ತಿರುಗಿದರು. "ಒಳಗ ಹೋಗಿ ಮಾತಾಡೂಣೇನ?" ಅಂದೆ.

"ಇಲ್ಲೇ ಹೇಳು."

ಹೇಳಿದೆ. ನನ್ನ ದನಿ ನನಗೇ ಕೇಳಲಿಲ್ಲ.

"ಟೆಂಪೋದಾಗ ನಿನ್ನ ದನಿ ಇಷ್ಟ ಸಣ್ಣ ಇರಲಿಲ್ಲ" ಅಂದಳು. ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆಗ ಜೋರಾಗಿ ಹೇಳಿದೆ. ಮುಟ್ಟಾದವಳು ನಾನು. ಪ್ಯಾಡು ಕೊಟ್ಟವಳು ಇವಳು. ಭಂಡಾರ ಮುಟ್ಟಬೇಡ ಅಂದವಳೂ ಇವಳೇ. ಕಾಲು ಜಾರಿದ್ದು ನನ್ನ ಕೈಯಿಂದ. ಎಲ್ಲರ ಮುಂದೆ ಸುಳ್ಳು ಹೇಳಿ ಇವಳ ಆಟ ಕಸಿದುಕೊಂಡು, ಇವಳ ಹೆಸರಿಗೆ ಬಂದ ಕಾಗದ ಹಿಡಿದು ಹೋಗಿ ನೌಕರಿ ಮಾಡಿಕೊಂಡವಳು ನಾನು. ಒಬ್ಬ ಮುದುಕಿ ಸೆರಗನ್ನು ಬಾಯಿಗೆ ಹಿಡಿದಳು. ಉಳಿದಿಬ್ಬರು ತಮ್ಮ ಡಬ್ಬಿಯ ಮುಚ್ಚಳ ನೋಡತೊಡಗಿದರು.

ಅವಳು ಹಿಟ್ಟಿನ ಕೈಗಳನ್ನು ಜಾಡಿಸಿಕೊಂಡಳು. "ದ್ಯಾಮವ್ವಗ ವರ್ಷಾ ಉಡಿ ತುಂಬತಿ ಅಂತ ಕೇಳೇನಿ" ಅಂದಳು. ನಾನು ತಲೆಯಾಡಿಸಿದೆ. ಅಷ್ಟಕ್ಕೆ ಸುಮ್ಮನಿದ್ದು ಬರಬೇಕಿತ್ತು. ಸುಮ್ಮನಿರಲಿಲ್ಲ. "ನೀ ಯಾಕ ಅವತ್ತ ಬಾಯಿ ಬಿಡಲಿಲ್ಲ?" ಎಂದು ಕೇಳಿದೆ. ನೋಡಿ, ಅಲ್ಲಿಯೂ ಜವಾಬು ಕೊಡುವ ಕೆಲಸವನ್ನು ಅವಳಿಗೇ ಹಚ್ಚಿದೆ.

"ನೀ ಕೈ ಎತ್ತತಿ ಅಂತ ಕಾಯ್ದೆ" ಅಂದಳು. "ಘಟಪ್ರಭಾ ಬರೂತನಕ ಕಾಯ್ದೆ. ಆಮ್ಯಾಲ ಮೂರು ದಿನಾ ಗ್ರೌಂಡಿಗೆ ಬಂದ್ನೆಲ್ಲಾ, ಆಡಾಕಂತ ಬಂದಿದ್ದಿಲ್ಲ."

ಮುದುಕಿಯ ಡಬ್ಬಿ ತೆಗೆದುಕೊಂಡು ಜೋಳ ಸುರಿದಳು. "ಸ್ವಲ್ಪ ಅತ್ತಾಗ ಸರಿ" ಎಂದು ನನಗೆ ಹೇಳಿ ಸ್ವಿಚ್ ಹಾಕಿದಳು. ಅಭ್ಯಾಸದ ಆ ಮೂರನೆಯ ದಿನ ನಾನು ಬಲಮೂಲೆಗೆ ಹೋಗಿ ನಿಂತಾಗ ಅವಳು, ನಾನು ಸದಾ ಹಿಡಿಯುತ್ತಿದ್ದ ತನ್ನ ಎಡಗೈ ಚಾಚಿಕೊಂಡೇ ಇದ್ದಳು. ಅದನ್ನು ನಾನು ಅವತ್ತೇ ನೋಡಿದ್ದೆ.